ಇಬ್ಬರಿಗೆ ಒಂದೇ ನೋಟ

ಇಳಕಲ್ಲಿನ ಅಕ್ಕತಂಗಿಯರಾದ ನೀಲವ್ವ, ಕಸ್ತೂರಿ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ನೋಟ. ಮನೆತನದ ರೋಗ ಇಬ್ಬರ ಅಕ್ಷಿಪಟಲವನ್ನೂ ತಿಂದುಹಾಕಿದ ಮೇಲೆ, ಪ್ರಯೋಗಾಲಯದಲ್ಲಿ ಬೆಳೆಸಿದ ಪದರವೊಂದು ಅವರ ಪಾಲಿಗೆ ಬಂದಿತ್ತು. ದಿನಾ ಸಂಜೆ ಓಣಿಯ ನರ್ಸಮ್ಮ ಬಂದು ಒಬ್ಬಳ ಕಣ್ಣಿಂದ ತೆಗೆದು ಇನ್ನೊಬ್ಬಳಿಗೆ ಹಾಕಿ, ಚಹಾ ಕುಡಿದು ಹೋಗುತ್ತಿದ್ದಳು. ತನ್ನ ಸರದಿಯ ದಿನ ನೀಲವ್ವ ಮಗ್ಗಕ್ಕೆ ಕೂರುತ್ತಿದ್ದಳು, ತನ್ನ ಸರದಿ ಬಂದಾಗ ಕಸ್ತೂರಿ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದಳು.

ಈ ಸಲ ಆಸ್ಪತ್ರೆಯಲ್ಲಿ ಪರೀಕ್ಷೆ ಮುಗಿಸಿದ ಡಾಕ್ಟರಮ್ಮ, "ಹಾಕಿ ತೆಗೆದು ಪದರ ಸವೆದಿದೆ. ಇನ್ನು ಒಬ್ಬರಲ್ಲೇ ಉಳಿಸಬೇಕು, ಇಲ್ಲದಿದ್ದರೆ ಇಬ್ಬರಿಗೂ ಇಲ್ಲವಾಗುತ್ತದೆ. ನೀಲವ್ವ, ದೊಡ್ಡವರು ನೀವೇ ಹೇಳಿ" ಅಂದರು.

ಅಂದು ನೋಟ ನೀಲವ್ವನದು. ಅವಳು ಎದ್ದು ಕಿಟಕಿತನಕ ಹೋದಳು, ಮತ್ತೆ ಬಂದು ಕೂತಳು, ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಕಸ್ತೂರಿ ಅಕ್ಕನ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಕೂತಿದ್ದಳು. ಆಕೆಗೇ ಕೊಡಿ ಎನ್ನಲೆಂದು ನೀಲವ್ವ ಬಾಯಿ ತೆರೆದಳು.

"ನನ್ನ ಕಡೆನ ಇರಲಿ ಬಿಡ್ರಿ," ಅಂದುಬಿಟ್ಟಳು.

ಡಾಕ್ಟರಮ್ಮ ತಲೆಯಾಡಿಸಿ ಒಳಗೆ ಹೋದರು. ನೀಲವ್ವ ಮತ್ತೆ ಎದ್ದಳು. ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ತಂಗಿಯ ಮುಖವನ್ನೂ ನೋಡಲಾಗಲಿಲ್ಲ.

"ಕಸ್ತೂರಿ, ಏನರ ಮಾತಾಡು."

ಕಸ್ತೂರಿ ಗಾಳಿಯಲ್ಲಿ ಕೈಯಾಡಿಸಿ ಅಕ್ಕನ ತೋಳು ಹಿಡಿದು, ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

"ಅವರು ಮೊದಲ ನನ್ನ ಕೇಳಿದ್ರ ನಾನೂ ಹಂಗ ಅಂತಿದ್ದೆ, ಅಕ್ಕಾ."