ತುಂಬಿದ ಬಟ್ಟಲು

ಅರ್ಧಕ್ಕೆ ನಿಲ್ಲಬೇಕಿದ್ದ ಚಹಾ ಬಟ್ಟಲಿನ ಅಂಚಿನವರೆಗೂ ಬಂತು. ಜಿಪಾರ್ ಕೆಟಲನ್ನು ಕೆಳಗಿಟ್ಟು ತಲೆ ತಗ್ಗಿಸಿದಳು. ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಹೊಲಿಗೆ ಕಾರ್ಖಾನೆಯೊಂದರ ಒಡತಿ ಅವಳು. ಇನ್ನಷ್ಟು ಹೊತ್ತು ಕೂರಲಿ ಎನಿಸಿದವರಿಗೆ ಅರ್ಧ ಬಟ್ಟಲು, ಹೊರಡಲಿ ಎನಿಸಿದವರಿಗೆ ತುಂಬಿದ ಬಟ್ಟಲು. ಅಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಆ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಹೊಲಿದ ಅನಾರ್ಕಾನಳಿಗೆ, ಆರ್ಡರ್ ನಿಂತು ಮನೆಗೆ ಕಳಿಸುವ ಮೂರನೆಯ ತುಂಬಿದ ಬಟ್ಟಲು ಇದು. ಕಾಲೇಜಿಗೆ ಹೋಗುವ ಮಗಳು ನಿನ್ನೆಯಷ್ಟೇ ಅಲೆಯಂಥ ಗೆರೆ ಎಳೆದು ತೋರಿಸಿದ್ದಳು: "ವ್ಯಾಪಾರ ಹಿಂಗೇನಮ್ಮಾ. ಏರತ್ತೆ, ತುದಿ ಮುಟ್ಟತ್ತೆ, ಇಳಿಯತ್ತೆ, ತಳ ಕಾಣತ್ತೆ. ಆಮೇಲೆ ಮತ್ತೆ ಏರತ್ತೆ."

"ತಳದಲ್ಲಿ ಎಷ್ಟು ತಿಂಗಳು ಕೂರ್ಬೇಕು ಅಂತ ಬರ್ದಿಲ್ವಾ ನಿನ್ನ ಪುಸ್ತಕದಲ್ಲಿ?" ಎಂದು ಕೇಳಿದ್ದಳು ಅನಾರ್ಕಾನ್.

ಈಗ ಅವಳೇ ಜಿಪಾರ್‌ಗೆ ಸಮಾಧಾನ ಹೇಳಿದಳು. "ಬಿಡು, ಬೇಜಾರ್ ಮಾಡ್ಕೋಬೇಡ. ಹೋದ ಸಲ ಏಳು ತಿಂಗಳಿಗೆ ನೀನೇ ಮನೆಗೆ ಬಂದು ಕರ್ಕೊಂಡ್ ಬಂದೆ. ಈ ಸಲಾನೂ ಆರ್ಡರ್ ಬರತ್ತೆ, ನೀನೂ ಬರ್ತೀಯ. ನನ್ನ ಮಿಷಿನ್ ಮೇಲೊಂದು ಬಟ್ಟೆ ಹೊದಿಸಿಡು, ಸಾಕು."

ಜಿಪಾರ್ ತನ್ನ ಖಾಲಿ ಬಟ್ಟಲನ್ನು ಮುಂದೆ ಹಿಡಿದಳು. ಅನಾರ್ಕಾನ್ ಕೆಟಲು ಎತ್ತಿ, ರೂಢಿಯಂತೆ ಅರ್ಧಕ್ಕೆ ನಿಲ್ಲಿಸಿದಳು. ಬಟ್ಟಲು ಹಿಂದೆ ಸರಿಯಲಿಲ್ಲ.

"ಈ ಸಲ ನಾನೂ ಹೊರಡೋಳೇ. ತುಂಬ್ಸಕ್ಕಾ," ಅಂದಳು ಜಿಪಾರ್.