ಲಿಂಗಮ್ಮ ಬೇಡಿದ್ದು

"ಬೂಟ್ ಬಿಚ್ಬುಟ್ಟು ಹತ್ತಿ ಸ್ವಾಮಿ," ಎಂದಳು ಲಿಂಗಮ್ಮ.

ಚರ್ಚಿನ ಪ್ರಸಂಗ ಪೀಠದ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಫಾದರ್ ಲೂಸಿಯೆನ್ ಹಲ್ಲು ಕಚ್ಚಿದರು. ಭಾನುವಾರದ ಪೂಜೆಗೆ ಬಂದಿದ್ದ ಮೂವತ್ತು ಜನ ತಲೆ ತಗ್ಗಿಸಿ ನಗು ನುಂಗಿಕೊಂಡರು. ಆರು ವರ್ಷದಿಂದ ಇದೇ ಗೋಳು. ಫ್ರಾನ್ಸಿನಿಂದ ಹಡಗು ಹತ್ತಿ ಬಂದ ತಮಗೆ ಹೆಬ್ಬೆಟ್ಟಿನ ಮುದುಕಿಯೊಬ್ಬಳು ದೇವರ ಮನೆಯ ಮರ್ಯಾದೆ ಕಲಿಸುವುದೇ? ಆದರೆ ಬೈಯುವ ಹಾಗಿರಲಿಲ್ಲ. ಅವರ ಮುಂದಿನ ಬದುಕೆಲ್ಲ ಈ ಮುದುಕಿಯ ಕೈಯಲ್ಲಿತ್ತು. ಬೂಟು ಬಿಚ್ಚದೆಯೇ ಹತ್ತಿ ಪ್ರಸಂಗ ಶುರುಮಾಡಿದರು.

ಮಾರೇನಹಳ್ಳಿ ಪಕ್ಕದಲ್ಲಿ ರಾಗಿ ಹೊಲಗಳನ್ನು ಮಟ್ಟ ಮಾಡಿ ಎಬ್ಬಿಸಿದ ಹೊಸ ಬಡಾವಣೆಗೆ ಫಾದರ್ ಬಂದದ್ದು ಊರನ್ನು ಉದ್ಧಾರ ಮಾಡುವುದಕ್ಕೆ. ಉದ್ಧಾರವಾಗಲು ಊರು ಯಾವ ಅವಸರವನ್ನೂ ತೋರಿಸಲಿಲ್ಲ. ಪೂಜೆಗೆ ಬರುತ್ತಿದ್ದವರೆಲ್ಲ ಕಾರ್ಖಾನೆ ಕೆಲಸಕ್ಕೆಂದು ಬೇರೆ ಕಡೆಯಿಂದ ಬಂದು ನೆಲೆಸಿದ ಹಳೆಯ ಕ್ರೈಸ್ತರು. ಊರಿನ ಒಕ್ಕಲು ಮನೆಗಳಿಂದ ಲಿಂಗಮ್ಮನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇತ್ತ ತಲೆ ಹಾಕಿರಲಿಲ್ಲ. ಬಿಷಪರು ಕಡ್ಡಿ ಮುರಿದಂತೆ ಹೇಳಿದ್ದರು. ಈಸ್ಟರ್ ಆದ ಮೇಲೆ ತಾವು ಬರುವಷ್ಟರಲ್ಲಿ ಊರಿನ ಒಬ್ಬರಾದರೂ ಜ್ಞಾನಸ್ನಾನ ಪಡೆದು ಕ್ರೈಸ್ತರಾಗಲು ಸಿದ್ಧರಿರಬೇಕು. ಇಲ್ಲದಿದ್ದರೆ ಫಾದರನ್ನು ಯಾವುದೋ ಮೂಲೆಯ ಹಾಸ್ಟೆಲಿಗೆ ವಾರ್ಡನ್ ಮಾಡಿ ಕಳಿಸಲಾಗುವುದು. ಜಗತ್ತನ್ನು ಗೆಲ್ಲಲು ಹೊರಟವರು ಹುಡುಗರ ತಲೆಯ ಹೇನು ನೋಡಿಕೊಂಡು ಮುದುಕರಾಗಬೇಕಾಗಿತ್ತು.

ಲಿಂಗಮ್ಮ ಮಾತ್ರ ಚರ್ಚು ಬಾಗಿಲು ತೆರೆದ ಮೊದಲ ದಿನದಿಂದ ಬರುತ್ತಿದ್ದಳು. ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಪ್ರಸಂಗ ಪೀಠದ ಬುಡದಲ್ಲಿ ನೆಲಕ್ಕೇ ಕೂತು, ಕಣ್ಣು ಮೇಲೆತ್ತದೆ, ಅಂಗೈಯಿಂದ ನೆಲ ಸವರುತ್ತಾ ತನ್ನಷ್ಟಕ್ಕೆ ಏನೋ ಮಾತಾಡಿಕೊಳ್ಳುತ್ತಿದ್ದಳು. ಪಶ್ಚಾತ್ತಾಪವೆಂದರೆ ಇದು ಎಂದು ಫಾದರ್ ತಮ್ಮ ದೇಶಕ್ಕೆ ಕಾಗದ ಬರೆದಿದ್ದರು. ತಮ್ಮ ಪ್ರಸಂಗಗಳು ಆ ಕಲ್ಲೆದೆಯನ್ನು ಕರಗಿಸಿವೆ ಎಂದೂ ಸೇರಿಸಿದ್ದರು. ಅವರ ಕನ್ನಡ ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ ಎಂಬುದನ್ನು ಬರೆಯಲು ಕಾಗದದಲ್ಲಿ ಜಾಗ ಸಾಲಲಿಲ್ಲವೇನೋ.

ಹೋದ ಅಕ್ಟೋಬರಿನ ಒಂದು ಮಧ್ಯಾಹ್ನವಂತೂ ಅವರು ಹಿಗ್ಗಿಹೋಗಿದ್ದರು. ಲಿಂಗಮ್ಮ ಬಾಳೆಲೆಯಲ್ಲಿ ಮುದ್ದೆ, ಕೋಳಿ ಸಾರು, ವಡೆ, ಪಕ್ಕದಲ್ಲೊಂದು ಕಟ್ಟು ಬೀಡಿ ತಂದು ಅದೇ ಜಾಗದಲ್ಲಿಟ್ಟು, ಕೈ ಮುಗಿದು, ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಪಕ್ಕದ ಕೋಣೆಯಿಂದ ಫಾದರ್ ನೋಡುತ್ತಿದ್ದರು. ಗುರುಗಳು ಉಣ್ಣುವಾಗ ಎದುರು ನಿಲ್ಲಲು ನಾಚಿಕೆ, ಪಾಪ. ಅಡುಗೆಯವನು ಬೇಯಿಸಿದ ಹುರುಳಿಕಾಯಿ ತಿಂದು ಅವರ ನಾಲಿಗೆ ಸತ್ತುಹೋಗಿತ್ತು. ಮೂಳೆ ಸಹ ಬಿಡದೆ ಎಲೆ ಖಾಲಿ ಮಾಡಿ, ಬೀಡಿ ಕಟ್ಟು ಜೇಬಿಗಿಳಿಸಿ ಕೋಣೆಗೆ ಮರಳಿದರು. ಅರ್ಧ ಗಂಟೆ ಬಿಟ್ಟು ಲಿಂಗಮ್ಮ ಬಾಗಿಲು ತೆರೆದಳು. ಬರಿದಾದ ಎಲೆ ಕಂಡು ಅವಳ ಕಣ್ಣಲ್ಲಿ ಧಾರಾಕಾರ ನೀರು. ನೆಲದ ಮೇಲೆ ಅಡ್ಡಬಿದ್ದಳು. ಫಾದರ್ ಕೋಣೆಯೊಳಗಿಂದಲೇ ಆಶೀರ್ವಾದ ಮಾಡಿ ತೇಗಿದರು.

ಉಪದೇಶಿ ಇನ್ನಾಸಪ್ಪನಿಗೆ ಮಾತ್ರ ಅನುಮಾನ. ಊರವರಿಗೆ ಪ್ರಾರ್ಥನೆ ಹೇಳಿಕೊಡುವುದು ಅವನ ಕೆಲಸ. ಆರು ವರ್ಷದಲ್ಲಿ ಆಕೆಗೆ ಒಂದು ಸಾಲೂ ಬಾಯಿಗೆ ಬಂದಿಲ್ಲವೆಂದು ದೂರಿದ.

"ಯಾಕೆ ಬರ್ತೀಯಮ್ಮ ಅಂತ ಒಂದ್ಸಲ ಕೇಳಿ ನೋಡಿ ಫಾದರ್," ಎಂದ.

ಹುಟ್ಟಾ ಕ್ರೈಸ್ತನಾದ ನಿನಗೇ ಇಲ್ಲದ ಭಕ್ತಿ ಆ ಹೆಂಗಸಿಗೆ ಇದೆ, ಅದಕ್ಕೇ ನಿನಗೆ ಹೊಟ್ಟೆ ಉರಿ ಎಂದು ಫಾದರ್ ಅವನನ್ನು ಗದರಿದರು. ಕೇಳುವುದೇನಿದೆ? ಅವರಿಗೆ ಎಲ್ಲ ಗೊತ್ತಿತ್ತು.

ಜ್ಞಾನಸ್ನಾನದ ಮಾತೆತ್ತಿದಾಗಲೆಲ್ಲ "ಆಗ್ಲಿ ಸ್ವಾಮಿ" ಎಂದು ಅವಳು ಜಾರಿಕೊಳ್ಳುತ್ತಿದ್ದಳು. ಈ ಸಲ ಫಾದರ್ ಪಟ್ಟು ಬಿಡಲಿಲ್ಲ. ಜ್ಞಾನಸ್ನಾನ ಪಡೆಯದಿದ್ದರೆ ಈಸ್ಟರ್ ಆದ ಮೇಲೆ ಹೊಸ್ತಿಲು ದಾಟಕೂಡದು ಎಂದುಬಿಟ್ಟರು. ಮುದುಕಿಯ ಮುಖ ಬಿಳಿಚಿತು. ಅಂಗೈಯಿಂದ ಒಮ್ಮೆ ನೆಲ ಸವರಿದಳು.

"ದೊಡ್ಡ ಸ್ವಾಮಿಗಳು ಬರ್ತಾರಾ?" ಎಂದು ಕೇಳಿದಳು.

"ಬರುತ್ತಾರೆ."

"ಅವರು ಹೇಳಿದ್ರೆ ನೀವು ಕೇಳ್ಬೇಕಾ?"

"ಕೇಳಲೇಬೇಕು."

"ಹಂಗಾರೆ ಹಾಕ್ಸಿ, ನೀರು."

ಈ ದಡ್ಡಿಗೂ ಗುರುಹಿರಿಯರ ಮೇಲುಕೀಳು ತಿಳಿಯಿತಲ್ಲ ಎಂದು ಫಾದರ್ ಬೀಗಿದರು. ಮೂರು ವಾರ ಒಂದೇ ಪಾಠ. ದೇವರ ಸಭೆಯಿಂದ ಏನು ಬೇಡುತ್ತೀ ಎಂದು ಬಿಷಪರು ಕೇಳುತ್ತಾರೆ. ವಿಶ್ವಾಸ ಎಂದು ಹೇಳಬೇಕು. ಅಷ್ಟೇ, ಒಂದೇ ಶಬ್ದ. ಅವಳಿಗೆ ಮಗ್ದಲೇನಮ್ಮ ಎಂಬ ಹೆಸರನ್ನೂ ಆರಿಸಿಟ್ಟರು. ಅವಳನ್ನು ಕೇಳಲಿಲ್ಲ.

ಬಿಷಪರು ಬಂದ ಭಾನುವಾರ ಚರ್ಚು ತುಂಬಿತ್ತು. ತಮಾಷೆ ನೋಡಲು ಮಾರೇನಹಳ್ಳಿಯೂ ಅರ್ಧಕ್ಕರ್ಧ ಬಂದು ಬಾಗಿಲಲ್ಲಿ ನಿಂತಿತ್ತು. ಲಿಂಗಮ್ಮ ಒಗೆದ ಸೀರೆಯುಟ್ಟು ತನ್ನ ಜಾಗದಲ್ಲೇ ಕೂತಿದ್ದಳು. ಮುಂದೆ ಬಾ ಎಂದರೆ ಬರಲಿಲ್ಲ. ಫಾದರ್ ಪೀಠದ ಮೇಲಿಂದಲೇ ಕಣ್ಣು ಕೆಂಪಗೆ ಮಾಡಿದರು. ಕರುಣಾಳುಗಳಾದ ಬಿಷಪರು ನಕ್ಕು, ತಾವೇ ಅವಳಿದ್ದಲ್ಲಿಗೆ ನಡೆದು ಬಂದರು.

"ದೇವರ ಸಭೆಯಿಂದ ಏನು ಬೇಡುತ್ತೀಯಮ್ಮ?"

ಫಾದರ್ ಮೇಲಿಂದ ಬಗ್ಗಿ, ಸದ್ದಿಲ್ಲದೆ ಬಾಯಾಡಿಸಿ ಆ ಒಂದು ಶಬ್ದವನ್ನು ತೋರಿಸಿಕೊಟ್ಟರು. ಲಿಂಗಮ್ಮ ಅವರ ಕಡೆ ನೋಡಲೂ ಇಲ್ಲ. ಎದ್ದು ನಿಂತು ಬಿಷಪರಿಗೆ ಕೈ ಮುಗಿದಳು.

"ಈ ಪೀಠಾನ ಒಂದು ಮಾರು ಆಚೆಗೆ ಸರ್ಸಿ ಸ್ವಾಮಿ. ನಮ್ ಹೊಲ ಇದು, ನಮ್ಮನೆಯವ್ರನ್ನ ಮಣ್ಣು ಮಾಡಿರೋದು ಇದ್ರ ಕೆಳಗೇಯ; ಆರು ವರ್ಷದಿಂದ ಇವ್ರು ಅವ್ರ ಎದೆ ಮೇಲೆ ನಿಂತವ್ರೆ."