ಬೀಳದ ಕನಸು

"ಇವತ್ತೂ ಕನಸು ಬೀಳ್ನಿಲ್ಲ ಹಜ್ರತ್," ಎಂದ ನಸ್ರುಲ್ಲಾ. ಬೆಳಗಿನ ನಮಾಜು ಮುಗಿದು ಕೊಳ್ಳೇಗಾಲದ ಆ ಸಣ್ಣ ಮಸೀದಿಯಲ್ಲಿ ಅವನೂ ನಮಾಜು ನಡೆಸುವ ಹಜ್ರತ್ ಅವರೂ ಇಬ್ಬರೇ ಉಳಿದಿದ್ದರು.

ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ನಸ್ರುಲ್ಲಾ, ಹೆಂಡತಿ ಶಮ್ಶಾದಳನ್ನು ಹನೂರಿನ ತವರಿನಿಂದ ಕರೆತರಲೋ ಬೇಡವೋ ಎಂದು ರಂಜಾನ್ ಮುಗಿದಾಗಿನಿಂದ ಅಲ್ಲಾಹನನ್ನೇ ಕೇಳುತ್ತಿದ್ದ. ಮಲಗುವ ಮುನ್ನ ಇಸ್ತಿಖಾರಾ ನಮಾಜು ಮಾಡಿ, ಒಳ್ಳೆಯ ದಾರಿ ತೋರಿಸೆಂದು ಬೇಡಿ, ಉತ್ತರ ಕನಸಿನಲ್ಲಿ ಬರುತ್ತದೆಂದು ಕಾಯುವುದು. ಜಗಳದಲ್ಲಿ 'ಹೋಗು' ಅಂದವನು ಅವನೇ. ಅವಳು ಹೋದ ಮೇಲೆ 'ಅಲ್ಲಾ ಬರೆದಿದ್ದ, ಆಯ್ತು' ಅಂದವನೂ ಅವನೇ. ಈಗ ಅವಳ ಬಳೆ ಸದ್ದಿಲ್ಲದ ಮನೆಯಲ್ಲಿ ಅವನು ಅನ್ನ ಬಡಿಸಿಕೊಂಡು ಹಾಗೇ ಮುಚ್ಚಿಡುತ್ತಿದ್ದ.

ಹಜ್ರತ್ ನಕ್ಕರು. "ಎಲ್ಲಾನೂ ಸೃಷ್ಟಿ ಮಾಡೋನು ಅವನೇ ಕಣಪ್ಪ. ನಿನ್ನ ಕಾಲು, ಹನೂರು ರಸ್ತೆ, ನೀ ಇಡೋ ಹೆಜ್ಜೆ ಕೂಡ. ಆದ್ರೆ ಇಡಕ್ಕೆ ಮನಸು ಮಾಡೋನು ನೀನು. ನಾಳೆ ಲೆಕ್ಕ ಕೇಳೋದೂ ನಿನ್ನನ್ನೇ. ಬೇಡ್ಕಂಡ ಮೇಲೆ ಎದ್ದು ಬಸ್ ಹತ್ತು. ಸರಿಯಿಲ್ದಿದ್ರೆ ಅವನೇ ತಡೀತಾನೆ."

ಬಸ್ಸು ಕೆಡಲಿಲ್ಲ. ಪ್ರತಿ ಸ್ಟಾಪಿನಲ್ಲೂ ಏನಾದರೂ ಆದೀತೆಂದು ಹೆದರುತ್ತಲೇ ನಸ್ರುಲ್ಲಾ ಹನೂರಿನಲ್ಲಿ ಇಳಿದ.

ಶಮ್ಶಾದ್ ಬಾಗಿಲಲ್ಲೇ ನಿಂತಳು. ಸೊರಗಿದ್ದಳು. ನೋಡಿದ್ದೇ ತಡ ಅವನ ಕಣ್ಣು ತುಂಬಿತು.

"ಹೊರಡು. ಹಜ್ರತ್ ಯೋಳಿದ್ರು. ಅಲ್ಲಾನೂ ತಡೀನಿಲ್ಲ."

"ಅಲ್ಲಾನ ಕೇಳುದ್ರಿ, ಹಜ್ರತ್‌ನ ಕೇಳುದ್ರಿ. ನನ್ನ?"

ಅವನು ಮುಂದಿಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡ.

"ನಮ್ ನಿಕಾನೂ ಅಲ್ಲಾ ಬರೆದಿದ್ದೇ ಅಂತೀರಲ್ಲ. ಆದ್ರೂ ಖಾಜಿ ಸಾಬ್ರು ಒಳಕ್ಕೆ ಜನ ಕಳ್ಸಿ ನನ್ನ ಒಪ್ಗೆ ಕೇಳ್ಸಿದ್ರು. ಕೇಳ್ದೆ ನಿಕಾ ಓದ್ನಿಲ್ಲ."

ನಸ್ರುಲ್ಲಾ ಚಪ್ಪಲಿ ಬಿಟ್ಟು ಜಗಲಿಯ ಅಂಚಿನಲ್ಲಿ ಕುಳಿತ. ಮೆಲ್ಲಗೆ ಕೇಳಿದ: "ಬತ್ತೀಯಾ?"

ಅವಳು ಏನೂ ಹೇಳಲಿಲ್ಲ. ನಿಕಾಹ್ ದಿನವೂ ಹೀಗೇ ತಲೆ ತಗ್ಗಿಸಿ ಸುಮ್ಮನಿದ್ದಳಂತೆ. ಹುಡುಗಿಯ ಮೌನವೇ ಒಪ್ಪಿಗೆ ಎಂದು ಹಿರಿಯರು ಹೊರಗೆ ಬಂದು ಹೇಳಿದ್ದರು. ಇವತ್ತು ಹಾಗೆಂದುಕೊಳ್ಳುವ ಧೈರ್ಯ ನಸ್ರುಲ್ಲಾನಿಗೆ ಇರಲಿಲ್ಲ. ಕೊಳ್ಳೇಗಾಲದ ಬಸ್ಸು ಬಂದು, ಹಾರನ್ ಹೊಡೆದು, ಹೋಯಿತು. ಅವನು ಏಳಲಿಲ್ಲ.